ಸಡಿಲ ಬೆಲ್ಟಿನ ಶ್ರುತಿ

ಅವನಿಗೆ ಕಲಿಸುವವರು ಇರಲಿಲ್ಲ. ಇದ್ದದ್ದು ಚಿಕ್ಕಪ್ಪನ ಹಳೇ ಟೇಪ್‌ರೆಕಾರ್ಡರು, ಅಮೆರಿಕದ ಬ್ಲೂಸ್ ಹಾಡಿನ ಎರಡು ಕ್ಯಾಸೆಟ್ಟು. ಫ್ಯಾನ್ ಮೋಟರಿಗೆ ತಂತಿ ಸುತ್ತುವ ತನ್ನ ಅಂಗಡಿಯಲ್ಲಿ ಕೂತು, ಒಂದೊಂದು ಸಾಲನ್ನೂ ನೂರು ಸಲ ಹಿಂದಕ್ಕೆ ತಿರುಗಿಸಿ, ಟೇಪಿನ ಶ್ರುತಿಗೇ ಗಿಟಾರ್ ಹೊಂದಿಸಿಕೊಂಡು ಕಲಿತ.

ಟೇಪ್‌ರೆಕಾರ್ಡರಿನ ಬೆಲ್ಟ್ ಸಡಿಲವಾಗಿತ್ತು. ಕ್ಯಾಸೆಟ್ ನಿಧಾನ ಓಡುತ್ತಿತ್ತು, ಸ್ವರವೂ ಕೆಳಗಿಳಿಯುತ್ತಿತ್ತು. ಊರಿನ ಮೋಟರನ್ನೆಲ್ಲ ಸರಿಮಾಡುವವನು ಬ್ಲೂಸ್ ಎಂದರೆ ಹೀಗೇ ಭಾರ ಎಂದುಕೊಂಡ. ಅವನ ಗಿಟಾರ್ ಎಲ್ಲರಿಗಿಂತ ಎರಡು ಸ್ವರ ಕೆಳಗಿತ್ತು. ಅವನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನು ಅದನ್ನು ಕೇಳಿಯೇ ತನ್ನದನ್ನೂ ಇಳಿಸಿಕೊಳ್ಳುತ್ತಿದ್ದ.

ಆ ಬ್ಯಾಂಡಿನಲ್ಲಿ ಹಾಡುವವಳು ನಾನು. ಗಿಟಾರ್ ಕೆಳಗಿರುವುದು ನನಗೆ ಮೊದಲ ದಿನವೇ ಗೊತ್ತಾಗಿತ್ತು. ಮೂರು ವರ್ಷ ಬಾಯಿ ಬಿಡಲಿಲ್ಲ.

ನಮ್ಮ ಆರು ಹಾಡುಗಳ ಮೊದಲ ರೆಕಾರ್ಡಿಂಗ್ ದಿನ ಸ್ಟುಡಿಯೋದಲ್ಲಿ ಅದು ಬಯಲಾಯಿತು. ಹಿಂದಿನ ವಾರವೇ ಯಾರೋ ನುಡಿಸಿಟ್ಟಿದ್ದ ಪಿಯಾನೋ ಜೊತೆ ನಾವು ಸೇರಬೇಕಿತ್ತು. ಎರಡನೇ ಸಾಲಿಗೇ ಎಂಜಿನಿಯರ್ ನಿಲ್ಲಿಸಿದ.

"ಏನ್ ಸ್ವಾಮಿ, ಗಿಟಾರ್ ಎರಡು ಸ್ವರ ಕೆಳಗಿದೆ. ಟೇಪ್ ಕೇಳಿ ಕಲಿತ್ರಾ? ಬೆಲ್ಟ್ ಲೂಸಿರ್ಬೇಕು."

ಡ್ರಮ್ಮರ್ ನಕ್ಕ. ಬೇಸ್‌ನವನೂ ನಕ್ಕ. ಗಿಟಾರಿನವನು ನನ್ನನ್ನು ನೋಡಿದ. ನಾನು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅವನಿಗೆ ಅಷ್ಟು ಸಾಕಾಯಿತು.

"ಹೊರಗೆ ಬಾ."

ಕಾರಿಡಾರಿನಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಮೂರು ವರ್ಷ ಒಳಗೊಳಗೇ ನಗ್ತಿದ್ಯಾ? ಪಾಪ, ಅಂಗಡಿಯವನು ಅಂತ ಕನಿಕರಾನಾ?"

"ನಿನ್ ಮೇಲೆ ಕನಿಕರ ಪಡೋಕೆ ನಂಗೇನ್ ಬೇರೆ ಕೆಲ್ಸ ಇಲ್ವಾ?" ನನಗೂ ಮೈ ಉರಿಯಿತು. "ಮೇಲಿನ ಸ್ವರಕ್ಕೆ ನನ್ನ ಗಂಟ್ಲು ಹೋಗಲ್ಲ ಕಣೋ. ಗಂಡು ದನಿ ಅಂತ ನಾಲ್ಕು ಬ್ಯಾಂಡಿನೋರು ಓಡಿಸಿದ್ರು. ಹೇಳಿದ್ರೆ ನೀನು ತಂತಿ ಬಿಗೀತಿದ್ದೆ. ಆಮೇಲೆ ನಾನೆಲ್ಲಿಗೆ ಹೋಗ್ಲಿ?"

"ಹಾಗಾದ್ರೆ ಗಿಟಾರಿಗೋಸ್ಕರ ಸುಮ್ನಿದ್ದೆ."

"ನಿನಗೋಸ್ಕರ, ಪೆದ್ದ! ಅದನ್ನೂ ಬಿಡಿಸಿ ಹೇಳ್ಬೇಕಾ?"

ಅದನ್ನು ಇಷ್ಟು ಕೆಟ್ಟ ದನಿಯಲ್ಲಿ ಯಾರೂ ಯಾರಿಗೂ ಹೇಳಿರಲಾರರು. ಅವನ ಕಿವಿ ಕೆಂಪಾಯಿತು. ಕಣ್ಣು ನನ್ನ ಬಾಯಿಂದ ಗಂಟಲಿಗೆ ಇಳಿದು ಅಲ್ಲೇ ನಿಂತಿತು. ನಾನು ದುಪಟ್ಟಾ ಎಳೆದುಕೊಂಡೆ. ಅವನು ನೋಡುವುದನ್ನು ಬಿಡಲಿಲ್ಲ.

ಒಳಗೆ ಹೋಗಿ ತಂತಿ ಬಿಗಿದ. ನಾನು ಹಾಡಿದೆ. ಮೂರನೇ ಸಾಲಿನಲ್ಲಿ ದನಿ ಒಡೆಯಿತು.

"ಬೇರೆ ಹುಡುಗಿ ಇದಾಳೆ. ಫೋನ್ ಮಾಡ್ಲಾ?" ಎಂದ ಡ್ರಮ್ಮರ್, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಅವನು ಗಿಟಾರನ್ನು ಚೀಲಕ್ಕೆ ತುಂಬಿದ. "ಮಾಡ್ಕೋ. ಗಿಟಾರಿನೋನನ್ನೂ ಹುಡುಕ್ಕೋ." ಆಮೇಲೆ ನನ್ನ ಕಡೆ ತಿರುಗಿದ. "ನಡಿ. ಸಿಟ್ಟು ಹೋಗಿಲ್ಲ, ನೆನಪಿರ್ಲಿ."

"ನಂದೂ ಹೋಗಿಲ್ಲ."

ಮೆಟ್ಟಿಲಿಳಿಯುವಾಗ ಕೈ ಹಿಡಿದ, ನೋಯುವಷ್ಟು ಗಟ್ಟಿಯಾಗಿ.

ಹೋದದ್ದು ಇಷ್ಟು: ಆರು ಹಾಡು, ಇಬ್ಬರು ಗೆಳೆಯರು, ಒಂದು ಬ್ಯಾಂಡಿನ ಹೆಸರು.