ಅಚೋಲಳ ಅಪ್ಪ

"ತಗೋ, ನಿನ್ನ ಮಗಳು," ಎಂದು ಮುದುಕಿ ಅಯೇನ್ ಎರಡು ವರ್ಷದ ಹೆಣ್ಣುಮಗು ಅಚೋಲಳನ್ನು ಎತ್ತಿ ತಂದು ತನ್ನ ಹಿರಿಯ ಮಗ ಮದುತನ ತೊಡೆಯ ಮೇಲೆ ಕೂರಿಸಿದಳು. ಅವನು ಆಗತಾನೆ ಅಂಗಳಕ್ಕೆ ಬಂದು, ಊರುಗೋಲನ್ನು ದನದ ಮನೆಯ ಮಣ್ಣುಗೋಡೆಗೆ ಒರಗಿಸಿ ಕುಳಿತಿದ್ದ. ಗಡಿಯಾಚೆಯ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಮರದ ಕಾಲಿನ ಪಟ್ಟಿ ಸಡಿಲಿಸಲೂ ಪುರಸೊತ್ತಾಗಿರಲಿಲ್ಲ. ಯುದ್ಧಕ್ಕೆಂದು ಅವನು ಮನೆ ಬಿಟ್ಟು ನಾಲ್ಕು ವರ್ಷಗಳು ಕಳೆದಿದ್ದವು.

"ಹೋಗುವಾಗ ಎರಡು ಕಾಲಿತ್ತು, ಮಗಳಿರಲಿಲ್ಲ. ಬರುವಾಗ ಒಂದು ಕಾಲು ಹೋಗಿ ಮಗಳು ಬಂದಿದ್ದಾಳೆ. ದೇವರೇನೂ ನಿನಗೆ ಮೋಸ ಮಾಡಲಿಲ್ಲ ಬಿಡಪ್ಪ," ಎಂದಳು ಮುದುಕಿ. ಸೇರಿದ್ದ ಹೆಂಗಸರು ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕರು. ಯಾರ ನಗೆಯಲ್ಲೂ ಕುಹಕವಿರಲಿಲ್ಲ.

ಮದುತ್ ಮಾತ್ರ ನಗಲಿಲ್ಲ. ಅವನ ಹೆಂಡತಿ ನ್ಯಾಂಕಿರ್ ಗುಡಿಸಲಿನ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಅವನ ತಮ್ಮ ಲುವಾಲ್ ದನಗಳ ನಡುವೆ ಏನೋ ಕೆಲಸವಿದ್ದವನಂತೆ ಬೆನ್ನು ತಿರುಗಿಸಿಕೊಂಡಿದ್ದ.

ಆ ಯುದ್ಧ ನಮ್ಮ ಯಾವ ಮನೆಯನ್ನೂ ಬಿಡಲಿಲ್ಲ. ಮದುತ್ ಗುಂಡು ತಗುಲಿ ಬಿದ್ದದ್ದನ್ನು ಕಣ್ಣಾರೆ ಕಂಡ ಅವನ ದಳದವರೇ ಬಂದು, ಹುಣಸೆ ಮರದ ಕೆಳಗೆ ಸಾವಿನ ಸುದ್ದಿ ಹೇಳಿ ಹೋಗಿದ್ದರು. ನ್ಯಾಂಕಿರ್ ಕೊರಳಿನ ಮಣಿಗಳನ್ನು ಹರಿದು ಹಾಕಿದಳು. ಸತ್ತವನ ಒಲೆ ಆರಬಾರದು, ಅವನ ಹೆಸರು ಅಳಿಯಬಾರದು ಎಂಬುದು ನಮ್ಮವರ ಕಟ್ಟಳೆ. ಅವನ ತಮ್ಮ ಅವನ ಹೆಂಡತಿಯ ಗುಡಿಸಲಿಗೆ ಹೋಗಬೇಕು. ಹುಟ್ಟುವ ಮಗು ಸತ್ತವನದೇ, ಅವನ ಹೆಸರನ್ನೇ ಹೊರುತ್ತದೆ. ಹಿರಿಯರು ಹೇಳಿದರು. ಲುವಾಲ್ ತನ್ನ ಮದುವೆಯ ಮಾತನ್ನು ಬದಿಗಿಟ್ಟು ಹೋದ.

ಹೀಗಾಗಿ ಇಲ್ಲಿ ತಪ್ಪು ಯಾರದೂ ಇರಲಿಲ್ಲ. ಮದುತನಿಗೆ ಅದೇ ಸಂಕಟವಾಯಿತು. ಹೆಂಡತಿಯನ್ನು ಯಾರಾದರೂ ಕದ್ದಿದ್ದರೆ ಈಟಿ ಹಿಡಿದು ಹೋಗಬಹುದಿತ್ತು. ಇಲ್ಲಿ ಊರಿಗೆ ಊರೇ ಅವನಿಗೆ ಶುಭ ಹಾರೈಸುತ್ತಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ "ಅಚೋಲಳ ಅಪ್ಪ, ಚೆನ್ನಾಗಿದ್ದೀಯಾ?" ಎನ್ನುವರು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವನ ಎದೆಯಲ್ಲಿ ಮುಳ್ಳು ಆಡಿದಂತಾಗುತ್ತಿತ್ತು.

ತನ್ನ ಜಾಗವನ್ನು ತಮ್ಮ ಎಲ್ಲೆಲ್ಲಿ ತುಂಬಿದ್ದಾನೆ ಎಂಬುದನ್ನೇ ಮನೆಯಲ್ಲಿ ಅವನ ಕಣ್ಣು ಹುಡುಕುತ್ತಿತ್ತು. ನ್ಯಾಂಕಿರ್ ಬೆಳಿಗ್ಗೆ ಹಾಲು ಕರೆದು ತಂದು, ರೂಢಿಯ ಬಲದಿಂದ ಮೊದಲು ಲುವಾಲನ ಸೋರೆಬುರುಡೆಯ ಕಡೆಗೆ ಬಾಗಿ, ಬೆಚ್ಚಿ, ಗಂಡನ ಕಡೆಗೆ ತಿರುಗಿದಳು. ಅದನ್ನು ಅವನು ಕಂಡ. ಅವನದೇ ಎತ್ತು ಮಜೋಕ್, ಕಪ್ಪುಬಿಳುಪಿನ ದೊಡ್ಡ ಪ್ರಾಣಿ. ಅದಕ್ಕೆಂದು ಅವನು ಹಾಡು ಕಟ್ಟಿ ಹಾಡಿದ್ದ. ಈಗ ಕೂಗಿದರೆ ಅದು ಮೇಯುತ್ತಲೇ ಇತ್ತು. ಲುವಾಲ್ ಒಮ್ಮೆ ಕೆಮ್ಮಿದರೆ ತಲೆಯೆತ್ತುತ್ತಿತ್ತು. ಲುವಾಲ್ ಅತ್ತಿಗೆಯ ಕಡೆ ನೋಡದಿದ್ದರೆ, ಕದ್ದವನಂತೆ ಯಾಕೆ ಕಣ್ಣು ತಪ್ಪಿಸುತ್ತಾನೆ ಎಂದು ಮದುತನ ಹೊಟ್ಟೆ ಉರಿಯುತ್ತಿತ್ತು. ನೋಡಿದರೆ ಇನ್ನಷ್ಟು ಉರಿಯುತ್ತಿತ್ತು. ಅಣ್ಣ ಬಂದ ದಿನವೇ ಲುವಾಲ್ ತನ್ನ ಚಾಪೆಯನ್ನು ಗುಡಿಸಲಿನಿಂದ ದನದ ಮನೆಗೆ ಒಯ್ದಿದ್ದ. ಆ ಚಾಪೆ ಇದ್ದ ಜಾಗದಲ್ಲಿ ನೆಲ ನುಣುಪಾಗಿತ್ತು. ಮದುತ್ ಆ ನುಣುಪನ್ನೇ ನೋಡುತ್ತ ಕೂರುತ್ತಿದ್ದ.

ಮೊಂಡು ಕಾಲಿನ ಗಾಯ ಆಗಾಗ ಊದಿಕೊಳ್ಳುತ್ತಿತ್ತು. ನ್ಯಾಂಕಿರ್ ಉಪ್ಪು ಹಾಕಿದ ಬಿಸಿನೀರಿನಿಂದ ತೊಳೆಯುವಳು. ಆಸ್ಪತ್ರೆಯಲ್ಲಿದ್ದಾಗ ಆ ಕೈಗಳನ್ನು ನೆನೆದೇ ಅವನು ಬದುಕಿದ್ದ. ಈಗ ಅವು ತಾಕಿದರೆ ಮೈ ಬಿಗಿಯುತ್ತಿತ್ತು.

ಒಂದು ದಿನ ದೋಣಿಯಲ್ಲಿ ಜೋಳ ಬಂತು. ಲುವಾಲ್ ಚೀಲ ಎತ್ತಲು ಬಾಗಿದಾಗ ಮದುತ್ ಅವನನ್ನು ತಳ್ಳಿ, ತಾನೇ ಹೆಗಲಿಗೇರಿಸಿಕೊಂಡು, ಊರುಗೋಲಿಲ್ಲದೆ ಜೂರ್ ನದಿಯ ದಂಡೆಯಿಂದ ಮನೆಯವರೆಗೂ ನಡೆದ. ತಮ್ಮನೂ ಹೆಂಡತಿಯೂ ಹಿಂದೆಯೇ ಬಂದರು. ಚೀಲ ಇಳಿಸಿ ಮದುತ್ ಹೆಂಡತಿಯ ಮುಖವನ್ನೇ ನೋಡಿದ. ಅವಳು ಚೀಲದ ಬಾಯಿ ಬಿಚ್ಚಿ ಜೋಳ ಅಳೆಯತೊಡಗಿದಳು.

ಮರುದಿನ ಮಧ್ಯಾಹ್ನ ಅವಳು ಒರಳಿನಲ್ಲಿ ಜೋಳ ಕುಟ್ಟುತ್ತಿದ್ದಳು. ಲುವಾಲ್ ನದಿಯ ಜೇಡಿಮಣ್ಣು ತಂದು ಅಚೋಲಳಿಗೆ ಪುಟ್ಟ ಎತ್ತು ಮಾಡಿಕೊಡುತ್ತಿದ್ದ. ಕೊಂಬು ಹಚ್ಚುತ್ತ, ಈ ಎತ್ತಿಗೆ ನಿಮ್ಮಜ್ಜಿಯ ಹಾಗೆ ಮುಂದಿನ ಹಲ್ಲೇ ಇಲ್ಲವಲ್ಲೇ ಎಂದ. ನ್ಯಾಂಕಿರಳಿಗೆ ನಗು ಬಂತು. ತಡೆಯುವಷ್ಟರಲ್ಲಿ ಬಂದುಬಿಟ್ಟಿತು.

ನಾಲ್ಕು ವರ್ಷ ಕಾಡಿನಲ್ಲೂ ಕಂದಕದಲ್ಲೂ ಮದುತ್ ಹೊತ್ತು ತಿರುಗಿದ್ದು ಆ ನಗೆಯನ್ನೇ. ಅವನು ಬಂದು ತಿಂಗಳಾಗಿತ್ತು. ಅವನಿಗಾಗಿ ಅವಳು ಒಮ್ಮೆಯೂ ಹಾಗೆ ನಕ್ಕಿರಲಿಲ್ಲ.

ಅವನು ಎದ್ದು ಬಂದ. ಮರದ ಕಾಲನ್ನು ಮಣ್ಣಿನ ಎತ್ತಿನ ಮೇಲಿಟ್ಟು ಒತ್ತಿದ.

ಮಗು ಕಿರುಚಿತು. ಲುವಾಲ್ ಕೈಯ ಮಣ್ಣು ಒರೆಸಿಕೊಂಡು ನದಿಯ ಕಡೆ ಹೊರಟುಹೋದ.

"ಭಾನುವಾರ ಪಾದ್ರಿಗಳು ಮಕ್ಕಳಿಗೆ ದೀಕ್ಷಾಸ್ನಾನ ಕೊಡೋಕೆ ಬರ್ತಾರೆ," ಎಂದ ಮದುತ್. "ಮಗುವಿನ ಅಪ್ಪ ಯಾರು ಅಂತ ಕೇಳ್ತಾರೆ. ಲುವಾಲ್ ಅಂತೀನಿ. ಇರೋದನ್ನೇ ಹೇಳ್ತೀನಿ."

ನ್ಯಾಂಕಿರಳ ಕೈಯ ಒನಕೆ ನಿಂತಿತು. ಗಂಡನಾದವನೇ ಹೆಸರು ಕೊಡಲಿಲ್ಲವೆಂದರೆ ಅದು ಪಾಪದಲ್ಲಿ ಹುಟ್ಟಿದ ಮಗು. ತಾಯಿ ತಲೆ ತಗ್ಗಿಸಿ ತವರಿಗೆ ನಡೆಯಬೇಕು. ಇಬ್ಬರಿಗೂ ಅದು ಗೊತ್ತಿತ್ತು.

"ಹೇಳು," ಎಂದಳು ಅವಳು. "ಆದ್ರೆ ನಾನು ಹೇಳೋದನ್ನ ಮೊದಲು ಕೇಳು. ನೀನು ಸತ್ತೆ ಅಂದ್ರು. ಅವನು ನಿನ್ನ ಹೆಸರು ಹಿಡ್ಕೊಂಡು ನನ್ನ ಗುಡಿಸಲಿಗೆ ಬಂದ. ಎಷ್ಟೋ ತಿಂಗಳು ನಾನು ಗೋಡೆ ಕಡೆ, ಅವನು ಬಾಗಿಲ ಕಡೆ. ಇಬ್ಬರೂ ನಿನಗಾಗಿ ಅಳ್ತಿದ್ವಿ."

"ಆಮೇಲೆ?"

"ಆಮೇಲೆ ಬರಗಾಲ ಬಂತು. ಅವನು ಕುತ್ತಿಗೆವರೆಗೆ ಜೌಗಿನಲ್ಲಿ ನಿಂತು ನೈದಿಲೆ ಗೆಡ್ಡೆ ಕಿತ್ತು ತಂದು ನಿಮ್ಮಮ್ಮನ್ನೂ ನನ್ನನ್ನೂ ಸಾಕಿದ. ಒಂದು ದಿನ ಅವನೇನೋ ಅಂದ, ನಾನು ನಕ್ಕೆ..."

"ಅವನ ಮೇಲೆ ಮನಸ್ಸಿದೆಯಾ ನಿನಗೆ?"

ಅವಳು ಒನಕೆಯನ್ನು ಗೋಡೆಗೆ ಒರಗಿಸಿದಳು. "ನೀನು ಸತ್ತಾಗ ಅತ್ತಿದ್ದೂ ನಿಜ, ಆಮೇಲೆ ನಕ್ಕಿದ್ದೂ ನಿಜ. ಈ ಒಲೆ ನಿನ್ನದು, ನಾನು ನಿನ್ನವಳು. ಆದ್ರೆ ನಕ್ಕಿದ್ದನ್ನ ಹೇಗೆ ವಾಪಸ್ ತಗೊಳ್ಲಿ, ನೀನೇ ಹೇಳು."

ಶನಿವಾರ ಲುವಾಲ್ ಬಂದು ಮಜೋಕನ ಹಗ್ಗವನ್ನು ಅಣ್ಣನ ಕಾಲ ಬಳಿ ಇಟ್ಟ. "ಅಣ್ಣ, ನಾಳೆ ಪೂಜೆ ಮುಗಿದ ಮೇಲೆ ನದಿಯಾಚೆ ದನದ ಬಿಡಾರಕ್ಕೆ ಹೋಗ್ತೀನಿ. ಅಲ್ಲೇ ಇರ್ತೀನಿ. ಒಂದೇ ಮಾತು. ಅಚೋಲ್ ನನ್ನನ್ನ ಅಪ್ಪ ಅಂತ ಕರೆದಿದ್ದುಂಟು, ಮಗು ಅಲ್ವಾ. ನಾನು ಒಂದು ಸಲಾನೂ ಮಗಳೇ ಅಂದವನಲ್ಲ. ಮದುತನ ಮಗಳೇ ಅಂತಲೇ ಕರೆದೆ. ಅಮ್ಮನ್ನ ಕೇಳು."

ಮದುತ್ ತಾಯಿಯನ್ನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ತನ್ನ ಹೆಂಡತಿಯ ಬಳಿ ಮಲಗಿದವನ ಮೇಲಿನ ಹೊಟ್ಟೆಕಿಚ್ಚು ಅವನಲ್ಲಿ ಹಾಗೆಯೇ ಇತ್ತು. ಆದರೆ ತಾನೇ ಹುಟ್ಟಿಸಿದ ಮಗುವನ್ನು ಎರಡು ವರ್ಷ ಅಣ್ಣನ ಹೆಸರಿನಿಂದ ಕರೆದ ಬಾಯಿ ಎಂಥದ್ದಿರಬಹುದು ಎಂದು ಆ ದಿನವೆಲ್ಲ ಅವನು ಯೋಚಿಸಿದ.

ಭಾನುವಾರ ಹುಣಸೆ ಮರದ ಕೆಳಗೆ ನಗಾರಿ ಮೊಳಗಿತು. ಜನ ಮರದ ಶಿಲುಬೆಗಳನ್ನು ಹಿಡಿದು ಬಂದು ಸಾಲಾಗಿ ಕುಳಿತರು. ಸಾವಿನ ಸುದ್ದಿ ಬಂದದ್ದೂ ಅದೇ ಮರದ ಕೆಳಗೆ. ಲುವಾಲ್ ಎಲ್ಲರಿಗಿಂತ ಹಿಂದೆ, ಪ್ರಯಾಣದ ಗಂಟು ಪಕ್ಕದಲ್ಲಿಟ್ಟುಕೊಂಡು ನಿಂತಿದ್ದ. ಪಾದ್ರಿ ಪೌಲೋ ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಮಗುವಿನ ಹೆಸರು ಕೇಳಿದರು. ನ್ಯಾಂಕಿರ್ ಅಚೋಲ್ ಎಂದಳು. ಅಪ್ಪನ ಹೆಸರು ಕೇಳಿದರು. ಅವಳು ಕಣ್ಣು ಮುಚ್ಚಿಕೊಂಡಳು.

"ಮದುತ್," ಎಂದ ಮದುತ್. "ನಾನು."

ಪಾದ್ರಿಗಳು, ಹಾಗಾದರೆ ಮಗುವನ್ನು ಎತ್ತಿಕೊಂಡು ಮುಂದೆ ಬಾ ಎಂದರು. ಮದುತ್ ಮಗುವನ್ನು ನೋಡಿದ. ಅದು ಅವನ ಭುಜದ ಆಚೆ, ಹಿಂದೆ ನಿಂತವನ ಕಡೆಗೆ ನೋಡುತ್ತಿತ್ತು. ಅವನು ಬಾಗಿ ಮರದ ಕಾಲಿನ ಪಟ್ಟಿಯನ್ನು ಮುಟ್ಟಿಕೊಂಡ.

"ಲೋ ಲುವಾಲ್," ಎಂದು ತಿರುಗಿ ಕೂಗಿದ. "ಬಾ ಇಲ್ಲಿ. ನನ್ನ ಕಾಲು ಭಾರ ತಡೆಯೋದಿಲ್ಲ. ನೀನು ಎತ್ತಿಕೋ."

ಲುವಾಲ್ ನಿಂತಲ್ಲೇ ನಿಂತ. ಅಣ್ಣ ಹೊತ್ತ ಜೋಳದ ಚೀಲದ ಹಿಂದೆ ನದಿಯಿಂದ ಮನೆಯವರೆಗೂ ನಡೆದು ಬಂದವನು ಅವನು. ನ್ಯಾಂಕಿರಳೂ ಆ ದಾರಿ ನಡೆದಿದ್ದಳು. ಅವಳು ಬಾಯಿ ತೆರೆಯಲಿಲ್ಲ.

ಲುವಾಲ್ ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಗುವನ್ನು ಎತ್ತಿಕೊಂಡ. ನೀರು ಅದರ ತಲೆಯಿಂದ ಅವನ ತೋಳಿನ ಮೇಲೆ ಇಳಿಯಿತು. ಪಾದ್ರಿಗಳು ಮೂರು ಸಲ ನೀರು ಸುರಿದು "ಮದುತನ ಮಗಳಾದ ಅಚೋಲ್" ಎಂದು ದೇವರ ಹೆಸರಿನಲ್ಲಿ ಕರೆಯುವವರೆಗೂ ಮದುತ್ ಊರುಗೋಲನ್ನು ಎರಡೂ ಕೈಗಳಲ್ಲಿ ಬಿಗಿಹಿಡಿದು, ನಿಜವಾಗಿಯೂ ನಿಲ್ಲಲಾರದವನಂತೆ, ತಮ್ಮನ ಪಕ್ಕದಲ್ಲೇ ನಿಂತಿದ್ದ.