ಬಾಗಿಲು ಒಡೆದವರು ಯಾರು?

ನಾನು ಆ ಆಫೀಸಿಗೆ ಕಾಲಿಟ್ಟ ಮೊದಲ ದಿನವೇ ಅವಳ ಕಂಪ್ಯೂಟರ್ ನಿಂತುಹೋಯಿತು. ನಾನು ಮಾಡಿದ್ದು ಇಷ್ಟೇ, ಅವಳು ಬರೆಯುತ್ತಿದ್ದ ಶಾಲೆಯ ನಕ್ಷೆಯ ಫೈಲ್ ತೆರೆದೆ. ಪರದೆ ಬೆಳ್ಳಗಾಯಿತು. ಅವಳು ಕುರ್ಚಿ ತಿರುಗಿಸಿ ನನ್ನನ್ನು ನೋಡಿದಳು, ಯಾರದೋ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದವನನ್ನು ನೋಡುವ ಹಾಗೆ.

"ಏನ್ ಮಾಡಿದ್ರಿ?"

ಏನೂ ಮಾಡಿಲ್ಲ ಎಂದೆ. ಅವಳು ನಂಬಲಿಲ್ಲ. ತಲೆಗೂದಲಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಕಿತ್ತು ನನ್ನತ್ತ ತೋರಿಸುತ್ತ, ಬೆಳಗಿನವರೆಗೂ ಚೆನ್ನಾಗಿಯೇ ಇತ್ತು ಎಂದಳು. ಕೂದಲು ಬಿಚ್ಚಿ ಭುಜದ ಮೇಲೆ ಬಿತ್ತು. ನಾನು ಹೇಳಬೇಕೆಂದಿದ್ದ ಮಾತು ಅಲ್ಲಿಗೇ ಮರೆತುಹೋಯಿತು.

ನನ್ನ ಕೆಲಸವೇ ಅದು, ಆರ್ಕಿಟೆಕ್ಟ್‌ಗಳ ಕಂಪ್ಯೂಟರ್ ನಕ್ಷೆಗಳಿಗೆ ಬಂದ ಕಾಯಿಲೆ ವಾಸಿ ಮಾಡಿ, ಫೈಲುಗಳನ್ನೆಲ್ಲ ಅಚ್ಚುಕಟ್ಟಾಗಿ ಜೋಡಿಸಿಕೊಡುವುದು. ಆ ಆಫೀಸು ಅವಳ ತಂದೆಯದು. ಅವರು ಜೀವಮಾನವಿಡೀ ಕೈಯಲ್ಲೇ ನಕ್ಷೆ ಬರೆದವರು, ಕಂಪ್ಯೂಟರನ್ನು ಮೇಲ್ ನೋಡಲು ಬಿಟ್ಟರೆ ಮುಟ್ಟುವವರಲ್ಲ. ನನ್ನನ್ನು ಕಂಡ ಕೂಡಲೇ "ಬನ್ನಿ ಡಾಕ್ಟ್ರೆ" ಎಂದರು. ಅಂದಿನಿಂದ ಅಲ್ಲಿ ನಾನು ಡಾಕ್ಟರೇ.

ರೋಗಿಯ ಸ್ಥಿತಿ ಗಂಭೀರವಾಗಿತ್ತು. ನಕ್ಷೆಯಲ್ಲಿ ಗೋಡೆಗೊಂದು, ಬಾಗಿಲಿಗೊಂದು, ನೀರಿನ ಪೈಪಿಗೊಂದು ಎಂದು ಬೇರೆಬೇರೆ ಲೇಯರ್ ಇರಬೇಕು. ಬೇಕಾದ್ದನ್ನು ತೋರಿಸಿ ಬೇಡದ್ದನ್ನು ಮುಚ್ಚಿಡಬಹುದು. ಈ ಮಹಾತಾಯಿ ಎಲ್ಲವನ್ನೂ ಒಂದೇ ಲೇಯರಿಗೆ ಸುರಿದಿದ್ದಳು. ಬಟ್ಟೆ, ಪಾತ್ರೆ, ಪುಸ್ತಕ ಎಲ್ಲವನ್ನೂ ಒಂದೇ ಟ್ರಂಕಿಗೆ ತುರುಕಿ ಮೇಲೆ ಕೂತು ಬೀಗ ಹಾಕಿದ ಹಾಗಿತ್ತು. ಹಾಗೆಂದು ಹೇಳಿಯೂಬಿಟ್ಟೆ.

ಅವಳು ಇಡೀ ದಿನ ಮಾತಾಡಲಿಲ್ಲ. ಮಾನಿಟರಿನ ಮೇಲಂಚಿನಿಂದ ಎರಡು ಕಣ್ಣು ಮಾತ್ರ ಆಗಾಗ ಮೇಲೆದ್ದು ನನ್ನನ್ನು ಸುಟ್ಟು ಮತ್ತೆ ಇಳಿಯುತ್ತಿದ್ದವು. ಸಂಜೆಯಾಗುವಷ್ಟರಲ್ಲಿ ಆ ಕಣ್ಣು ಮೇಲೇಳುವುದನ್ನೇ ನಾನು ಕಾಯತೊಡಗಿದ್ದೆ. ಎಂಥ ಗ್ರಹಚಾರ ನೋಡಿ.

ಆದರೆ ನಕ್ಷೆ ಬರೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆ ಶಾಲೆಯ ಕಿಟಕಿಗಳನ್ನು ಮಕ್ಕಳು ಕೂತರೂ ಹೊರಗೆ ಕಾಣುವಷ್ಟು ಕೆಳಗಿಟ್ಟಿದ್ದಳು. ಮೆಟ್ಟಿಲ ಪಕ್ಕದಲ್ಲಿ ಇಬ್ಬರೇ ಕೂರಬಹುದಾದ ಒಂದು ಮೂಲೆ ಬಿಟ್ಟಿದ್ದಳು. ಇದೇಕೆ ಎಂದು ಕೇಳಿದೆ. ಮುನಿಸಿಕೊಂಡ ಗೆಳೆಯರು ರಾಜಿಯಾಗಲು ಜಾಗ ಬೇಡವೇ ಎಂದಳು. ನನಗೆ ಸುಮ್ಮನೆ ನಗು ಬಂತು. ಅವಳಿಗೂ ಬಂತು.

ಮಧ್ಯಾಹ್ನವಾದರೆ ಅವಳ ತಂದೆ ತಮ್ಮ ಕೋಣೆಯಿಂದ ಇಣುಕಿ, ಮೇಲೆ ಹೋಗಿ ಗಾಳಿಗೆ ಕೂತು ಊಟ ಮಾಡಿ ಎಂದು ನಮ್ಮಿಬ್ಬರನ್ನೂ ಟೆರೇಸಿಗೆ ಓಡಿಸುತ್ತಿದ್ದರು. ನೀರಿನ ಟ್ಯಾಂಕಿನ ನೆರಳಲ್ಲಿ ನಾವು ಡಬ್ಬಿ ಬಿಚ್ಚುತ್ತಿದ್ದೆವು. ನನ್ನ ಡಬ್ಬಿಯಲ್ಲಿ ಯಾವುದು ರುಚಿಯೋ ಅದು ಹೇಳದೆ ಕೇಳದೆ ಅವಳ ಡಬ್ಬಿಗೆ ಹೋಗುತ್ತಿತ್ತು.

ಒಮ್ಮೆ ನಾನು ಬೇಕೆಂದೇ ಮುಚ್ಚಳ ಮುಚ್ಚಿಟ್ಟೆ. ಅವಳು ಮುಚ್ಚಳವನ್ನು ನೋಡಿದಳು, ನನ್ನನ್ನು ನೋಡಿದಳು, ಒಂದು ಹುಬ್ಬನ್ನು ಮಾತ್ರ ನಿಧಾನವಾಗಿ ಏರಿಸಿದಳು. ನಾನು ಡಬ್ಬಿಯನ್ನೇ ಎತ್ತಿ ಕೊಟ್ಟುಬಿಟ್ಟೆ. ಅವತ್ತು ನನಗೆ ಅರ್ಧ ಹೊಟ್ಟೆ, ಆದರೂ ಸಂಜೆಯವರೆಗೆ ಶಿಳ್ಳೆ ಹಾಕುತ್ತಿದ್ದೆ.

ಒಂದೇ ಸಂಕಟವಿತ್ತು. ಫೈಲುಗಳೆಲ್ಲ ಸರಿಯಾದರೆ ನನ್ನ ಕೆಲಸ ಮುಗಿಯುತ್ತದೆ. ಬೇರೆ ಊರಿನ ದೊಡ್ಡ ಆಫೀಸೊಂದು ನನ್ನನ್ನು ಕಾಯಂ ಆಗಿ ಕರೆದಿತ್ತು. ಅಕ್ಕ ಫೋನಿನಲ್ಲಿ, ಅದೇನು ಫೈಲೋ ಮಾರಾಯ, ಮುಗಿಯುವುದೇ ಇಲ್ಲವಲ್ಲ, ಅದರ ಹೆಸರೇನು, ಬಣ್ಣವೇನು ಎಂದು ಕೆಣಕುತ್ತಿದ್ದಳು. ಹೋಗುವ ಮನಸ್ಸು ನನಗೆ ಎಳ್ಳಷ್ಟೂ ಇರಲಿಲ್ಲ. ಉಳಿಯಲು ನೆಪವೂ ಇರಲಿಲ್ಲ.

ಆಗಲೇ ಶಾಲೆಯ ನಕ್ಷೆ ಮತ್ತೆ ಕೆಡಲು ಶುರುವಾಯಿತು.

ನಕ್ಷೆಯಲ್ಲಿ ಬಾಗಿಲನ್ನು ಒಮ್ಮೆ ಬರೆದು ಬ್ಲಾಕ್, ಅಂದರೆ ಒಂದು ಅಚ್ಚು, ಮಾಡಿಟ್ಟರೆ ಅದನ್ನೇ ಎಲ್ಲ ಕಡೆ ಕೂರಿಸಬಹುದು. ಒಂದನ್ನು ತಿದ್ದಿದರೆ ಎಲ್ಲವೂ ತಿದ್ದಿಕೊಳ್ಳುತ್ತವೆ. ಆ ಬ್ಲಾಕನ್ನು ಒಡೆದರೆ ಅದು ಬಾಗಿಲಾಗಿ ಉಳಿಯುವುದಿಲ್ಲ, ಬರೀ ಗೆರೆಗಳ ಗುಂಪು. ನಾನು ಜೋಡಿಸಿಟ್ಟ ಬಾಗಿಲುಗಳನ್ನು ಯಾರೋ ಒಂದೊಂದಾಗಿ ಒಡೆಯುತ್ತಿದ್ದರು. ಗೋಡೆಗಳು ಪೈಪಿನ ಲೇಯರಿಗೆ ಹೋಗಿ ಕೂತಿರುತ್ತಿದ್ದವು. ಶಾಲೆಯ ಫೈಲನ್ನು ನಾವು ಬೆಳಿಗ್ಗೆ ಮಾತ್ರ ತೆರೆಯುತ್ತಿದ್ದೆವು, ಊಟದ ಮೇಲೆ ಹಳೆಯ ನಕ್ಷೆಗಳ ಕೆಲಸ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವಳು. ಇನ್ಯಾರು ಮಾಡಿಯಾರು?

ಫೈಲು ಯಾವ ಹೊತ್ತಿನಲ್ಲಿ ಸೇವ್ ಆಗಿದೆ ಎಂದು ನೋಡಬಹುದಿತ್ತು. ನೋಡಲಿಲ್ಲ. ಅವಳೇ ಎಂದು ಖಾತ್ರಿಯಾದರೆ ಜಗಳವಾಡಬೇಕಾಗುತ್ತದೆ. ಹಲ್ಲು ಕಚ್ಚಿಕೊಂಡು ಬಾಗಿಲು ಜೋಡಿಸಿದೆ, ಮಾರನೆಯ ದಿನ ಮತ್ತೆ ಜೋಡಿಸಿದೆ. ನಿಜ ಹೇಳಬೇಕೆಂದರೆ ಆ ಸಿಟ್ಟಿನ ಅಡಿಯಲ್ಲಿ ನನಗೊಂದು ಖುಷಿಯೂ ಇತ್ತು.

ಕೊನೆಗೂ ನಕ್ಷೆ ಶಾಲೆಯವರ ಕೈಸೇರಬೇಕಾದ ದಿನ ಬಂತು. ಅದೇ ಸಂಜೆಯೊಳಗೆ ನಾನು ದೊಡ್ಡ ಆಫೀಸಿನವರಿಗೆ ಬರುತ್ತೇನೆ ಅಥವಾ ಇಲ್ಲ ಎಂದು ಹೇಳಬೇಕಿತ್ತು. ಬೆಳಿಗ್ಗೆ ಫೈಲು ತೆರೆದರೆ ಕೆಳಮಹಡಿಯ ಬಾಗಿಲುಗಳೆಲ್ಲ ಚೂರುಚೂರು. ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಮುಖ ಕೆಂಪಾಗಿತ್ತು.

ಸಂಜೆ ಕೊನೆಗೆ ಬೀಗ ಹಾಕಿ ಹೋಗುವವರು ನೀವು ಎಂದಳು. ಬೆಳಿಗ್ಗೆ ಬೀಗ ತೆಗೆಯುವವರು ನೀವು ಎಂದೆ. ನನ್ನ ನಕ್ಷೆಯನ್ನು ನಾನೇ ಹಾಳು ಮಾಡಿಕೊಳ್ಳುತ್ತೇನೆಯೇ ಎಂದಳು. ನನ್ನ ಜೋಡಣೆಯನ್ನು ನಾನೇ ಒಡೆಯುತ್ತೇನೆಯೇ ಎಂದೆ. ಜಗಳ ಬೆಳೆದು ಊಟದ ಹೊತ್ತು ಮೀರಿತು. ಡಬ್ಬಿಗಳು ಮುಚ್ಚಿದ ಹಾಗೆಯೇ ಇದ್ದವು.

"ಕೆಲಸ ಮುಗೀಬಾರದು ಅಂತ ನೀವೇ ಮಾಡ್ತಿದ್ದೀರಿ," ಎಂದಳು. "ಹೌದೋ ಅಲ್ವೋ ಹೇಳಿ."

"ಮುಗೀಬಾರದು ಅಂತ ಆಸೆ ಇರೋದು ನಿಜ. ಒಡೆದಿದ್ದು ನಾನಲ್ಲ."

"ಯಾಕೆ ಮುಗೀಬಾರದು?"

ಇಷ್ಟು ದಿನ ಬಾಯಿಗೆ ಬಂದು ಬಂದು ವಾಪಸಾದ ಮಾತು.

"ಮುಗಿದ್ರೆ ಹೋಗ್ಬೇಕು. ನಿಮ್ಮನ್ನ ನೋಡ್ದೇ ಇರೋಕೆ ನನ್ನಿಂದ ಆಗಲ್ಲ."

ಅವಳ ಕಿವಿಗಳು ಮೆಲ್ಲಗೆ ಕೆಂಪಾದವು. ತನ್ನ ಕುರ್ಚಿಯಲ್ಲಿ ಕೂತು, ಕೈಗೊಂದು ಕೆಲಸ ಬೇಕು ಎನ್ನುವಂತೆ ಶಾಲೆಯ ಫೈಲನ್ನು ತೆರೆಯಹೋದಳು.

ಫೈಲು ತೆರೆಯಲಿಲ್ಲ. ಇದನ್ನು ಬೇರೆಯವರು ಬಳಸುತ್ತಿದ್ದಾರೆ ಎಂಬ ಸೂಚನೆ ಬಂತು.

ಅವಳು ನನ್ನ ಪರದೆ ನೋಡಿದಳು. ಅದರಲ್ಲಿ ಏನೂ ತೆರೆದಿರಲಿಲ್ಲ. ನಾವಿಬ್ಬರೂ ಇಲ್ಲೇ ಇದ್ದೇವೆ, ಹಾಗಾದರೆ ಬಳಸುತ್ತಿರುವವರು ಯಾರು? ಆಫೀಸಿನಲ್ಲಿದ್ದ ಇನ್ನೊಂದೇ ಕಂಪ್ಯೂಟರ್ ಒಳಕೋಣೆಯದು. ಇಬ್ಬರೂ ಚಪ್ಪಲಿ ಬಿಟ್ಟು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಬಾಗಿಲ ಸಂದಿಯಲ್ಲಿ ಇಣುಕಿದೆವು.

ಅವಳ ತಂದೆ ಕನ್ನಡಕವನ್ನು ಹಣೆಗೇರಿಸಿ, ತುಟಿಯಂಚಿನಲ್ಲಿ ನಾಲಗೆ ಕಚ್ಚಿಕೊಂಡು, ಒಂದು ಕೈಯಲ್ಲಿ ಮೌಸ್ ಹಿಡಿದು, ಇನ್ನೊಂದು ಕೈಯಿಂದ ಪರದೆಯ ಮೇಲೆ ಮರದ ಸ್ಕೇಲಿಟ್ಟು ಬಾಗಿಲನ್ನು ಅಳೆಯುತ್ತಿದ್ದರು.

"ಅಪ್ಪಾ," ಎಂದಳು.

ಅವರು ಬೆಚ್ಚಿಬಿದ್ದು ಸ್ಕೇಲನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಆಮೇಲೆ ಬಚ್ಚಿಟ್ಟು ಪ್ರಯೋಜನವಿಲ್ಲವೆಂದು ತಿಳಿದು ಮೇಜಿನ ಮೇಲಿಟ್ಟರು. ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿಯುತ್ತಿದ್ದರಂತೆ. ನಾವು ಟೆರೇಸಿಗೆ ಹೋದ ಹೊತ್ತಿನಲ್ಲಿ, ದಿನಾ. ಇವತ್ತೂ ಊಟದ ಹೊತ್ತಾದದ್ದರಿಂದ ನಾವು ಮೇಲೆ ಹೋಗಿದ್ದೇವೆ ಎಂದುಕೊಂಡಿದ್ದರಂತೆ. ಒಂದು ಬಾಗಿಲನ್ನು ತಿದ್ದಿದರೆ ಎಲ್ಲ ಬಾಗಿಲೂ ಅಲ್ಲಾಡುತ್ತಿದ್ದವಂತೆ. ಅದಕ್ಕೇ ಒಡೆದು, ಒಂದೊಂದನ್ನೇ ಕೈಯಲ್ಲಿ ಬರೆದ ನಕ್ಷೆಯ ಹಾಗೆ ಸರಿಮಾಡುತ್ತಿದ್ದರಂತೆ.

"ನಿನ್ನ ಕೇಳಿದ್ರೆ ನಗ್ತೀಯ. ಡಾಕ್ಟ್ರನ್ನ ಕೇಳೋಣ ಅಂದ್ರೆ, ಅವರು ನಿನ್ನ ಮುಂದೆ ಒಂದು ಮಾತೂ ಬಚ್ಚಿಡಲ್ಲ," ಎಂದರು, ಅಪರಾಧಿಯ ಮುಖ ಮಾಡಿ.

ಅವಳು ನಗಲಿಲ್ಲ. ತಂದೆಯ ಹಣೆಯ ಮೇಲಿದ್ದ ಕನ್ನಡಕವನ್ನು ಇಳಿಸಿ ಮೂಗಿನ ಮೇಲೆ ಸರಿಯಾಗಿ ಕೂರಿಸಿದಳು. ನಾಳೆಯಿಂದ ತಾನೇ ಹೇಳಿಕೊಡುತ್ತೇನೆ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ತಂದೆ ಅಲ್ಲೇ ಇದ್ದಾರೆ ಎಂಬುದು ನೆನಪಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಬೆಳಿಗ್ಗೆ ಬಾಗಿಲು ಒಡೆದಿರೋದು ನೋಡಿದಾಗೆಲ್ಲ ನಂಗೆ ಖುಷಿ ಆಗೋದು," ಎಂದಳು. "ಇನ್ನೊಂದು ದಿನ ಇರ್ತಾರೆ ಅಂತ. ಸಿಟ್ಟು ಬಂದಿದ್ದು ಅದಕ್ಕೇ. ಉಳ್ಕೊಳ್ಳೋಕೆ ಬಾಗಿಲು ಒಡೀತಾರೆ, ನನ್ನ ಹತ್ರ ಒಂದು ಮಾತು ಹೇಳಲ್ಲ ಅಂತ."

ಅವಳ ತಂದೆ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ನಾನು ಇನ್ನು ಹೊರಗೆ ಹೋಗಲೋ ಅಥವಾ ಇದು ನನ್ನದೇ ಕೋಣೆಯೋ ಎಂದು ಕೇಳಿದರು. ಕೇಳಿದರೇ ಹೊರತು ಕದಲಲಿಲ್ಲ.

ಬಾಗಿಲುಗಳನ್ನು ಮೂವರೂ ಸೇರಿ ಜೋಡಿಸಿದೆವು. ನಕ್ಷೆ ಹೊತ್ತಿಗೆ ಸರಿಯಾಗಿ ಶಾಲೆಯವರಿಗೆ ಹೋಯಿತು. ಕಳಿಸುವ ಗುಂಡಿ ಒತ್ತಿ ಅವಳು ಉಸಿರು ಬಿಡುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ದೊಡ್ಡ ಆಫೀಸಿನವರು. ನಾನು ಕೈ ಚಾಚುವ ಮುಂಚೆಯೇ ಅವಳು ಎತ್ತಿಕೊಂಡಿದ್ದಳು.

"ಅವರು ಬರಲ್ಲ ಸರ್," ಎಂದಳು, ತುಂಬ ಮರ್ಯಾದೆಯಿಂದ. "ಇಲ್ಲೇ ಬೇಕಾಗಿದ್ದಾರೆ."

ಮಾತಾಡುತ್ತಿರುವುದು ಯಾರು ಎಂದು ಆ ಕಡೆಯಿಂದ ಕೇಳಿದರು. ನನಗೂ ಕೇಳಿಸಿತು. ಅಷ್ಟು ಜೋರಾಗಿದ್ದವಳು ತಡವರಿಸಿದಳು. ನೆಲ ನೋಡಿದಳು, ತಂದೆಯನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಅದನ್ನ ಅವರೇ ಹೇಳ್ಬೇಕು," ಎಂದು ಫೋನನ್ನು ನನ್ನ ಕೈಗಿಟ್ಟಳು.

ನಾನು ಅವಳ ಮುಖವನ್ನೇ ನೋಡುತ್ತ ಹೇಳಿದೆ.

"ಮಾತಾಡಿದ್ದು ನಾನು ಮದ್ವೆ ಆಗೋ ಹುಡುಗಿ ಸರ್. ಅವರ ತಂದೆನೂ ಇಲ್ಲೇ ಇದ್ದಾರೆ, ಈಗಲೇ ಕೇಳ್ತಿದ್ದೀನಿ."