ಗಣಪನ ಬಲಗೈ

"ಹೇಳಿ, ಇದೇನಾ ನಿಮ್ಮ ಅಪ್ಪಟ ಮಣ್ಣು?"

ಒದ್ದೆ ಬಟ್ಟೆಯ ಗಂಟೊಂದನ್ನು ಅವಳು ನನ್ನ ಮೇಜಿನ ಮೇಲೆ ಕುಕ್ಕಿ ಬಿಚ್ಚಿದಳು. ಗಣಪನ ಬಲಗೈ. ನಾನೇ ಮಾಡಿದ್ದು. ಒಂದು ಬೆರಳೂ ಮುಕ್ಕಾಗಿರಲಿಲ್ಲ.

"ಟಬ್ಬಿನಲ್ಲಿ ಮೂರು ದಿನ ಇಟ್ಟೆ. ಸೊಂಡಿಲು ಕರಗ್ತು, ಹೊಟ್ಟೆ ಕರಗ್ತು. ಇದು ಮಾತ್ರ ಕೆಸರಲ್ಲಿ ನೆಟ್ಟಗೆ ನಿಂತಿದೆ! ಇಡೀ ಬೀದಿ ನೋಡೋಕೆ ಬಂದಿತ್ತು. ಪ್ಲಾಸ್ಟರ್ ಗಣಪ ಮಾರೋನು ಏನಂದ ಗೊತ್ತಾ? 'ಅಕ್ಕಾ, ನಿಮ್ಮ ಗಣಪ ಟಾಟಾ ಮಾಡ್ತಿದಾನೆ' ಅಂದ."

ನನಗೆ ನಗು ಬಂದುಬಿಟ್ಟಿತು.

"ನಗ್ತೀರಾ? ನನ್ನ ಮಾನ ಹೋಗಿದೆ, ನೀವು ಹಲ್ಲು ಕಿರೀತೀರಾ?"

ಬೀದಿಯ ತಿರುವಿನಲ್ಲಿ ಅವಳದೊಂದು ನರ್ಸರಿ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಈ ಹಬ್ಬಕ್ಕೆ ಕೆರೆಗೆ ಒಂದು ಚೂರೂ ವಿಷ ಬೀಳಬಾರದೆಂದು ಹನ್ನೆರಡು ಮನೆ ಹತ್ತಿಳಿದಿದ್ದಳು. ಎಲ್ಲರಿಗೂ ಸೇರಿ ಒಂದೇ ಮಣ್ಣಿನ ಗಣಪ. ಕರಗಿದ ಮಣ್ಣಿನಲ್ಲಿ ಮನೆಗೊಂದು ಗಿಡ. ಮಾಡುವವನು ನಾನು ಎಂದಾಗ ಆ ಮನೆಯವರು ಮುಖ ಸಿಂಡರಿಸಿದರಂತೆ. "ಅವರು ಸಿಡುಕರು, ಸುಳ್ಳರಲ್ಲ" ಎಂದು ಇವಳು ಮಾತು ಕೊಟ್ಟಿದ್ದಳು.

ಹಬ್ಬಕ್ಕೆ ಮುಂಚೆ ಒಂದು ಮಧ್ಯಾಹ್ನ, ಕೈ ಸರಿಯಾಗಿ ಬರುತ್ತಿಲ್ಲವೆಂದು ಗೊಣಗುತ್ತಿದ್ದೆ. "ಇಗೋ, ಇದನ್ನ ನೋಡಿ ಮಾಡಿ" ಎಂದು ಅಂಗೈ ಎತ್ತಿ ಎದುರಿಗೆ ಕುಳಿತಳು. ಉಗುರಿನ ಸಂದಿಯಲ್ಲಿ ಗೊಬ್ಬರ. ಕಿರುಬೆರಳು ತುಸು ಕೊಂಕು.

"ಸಿಡುಕಪ್ಪೋರೇ, ಕೈ ನೋಡಿ ಅಂದ್ರೆ ಮುಖ ನೋಡ್ತಿದೀರಲ್ಲ?"

"ಬೆಳಕು ಆ ಕಡೆಯಿಂದ ಬರ್ತಿದೆ."

"ಹೌದಾ? ಕಿಟಕಿ ಈ ಕಡೆ ಇದೆ."

ಹಬ್ಬ ಕಳೆದ ಮೇಲೆ ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳುವುದೆಂದು ಅಂದೇ ನಿರ್ಧರಿಸಿದೆ.

ಒಣಗುವಾಗ ಆ ಕೈ ಮಣಿಕಟ್ಟಿನಲ್ಲಿ ಬಿರುಕುಬಿಟ್ಟಿತು. ಪುಡಿ ಮಾಡಿ, ನೆನೆಸಿ, ಹೊಸದು ಕೂರಿಸಲು ಅರ್ಧ ದಿನ ಸಾಕಿತ್ತು. ಸುತ್ತಿಗೆ ಹಿಡಿದೆ. ಆ ಬೆರಳುಗಳ ಮೇಲೆ ಏಟು ಹಾಕಲು ಆಗಲಿಲ್ಲ. ಒಳಗೆ ತಂತಿ ಚುಚ್ಚಿ, ಪೈಪಿಗೆ ಹಾಕುವ ಅಂಟನ್ನು ಉಗುರಿನವರೆಗೂ ಸವರಿ, ಮೇಲೆ ಕೆಮ್ಮಣ್ಣು ಬಳಿದೆ. ಕರಗಬಾರದೆಂದೇ ಸವರಿದ್ದು.

ಇದನ್ನೇ ಹೇಳಬೇಕಿತ್ತು.

"ಆರ್ಡರ್ ಜಾಸ್ತಿ ಇತ್ತು ಕಣ್ರೀ" ಎಂದೆ. "ಒಂದು ಕೈಗೆ ಇಷ್ಟು ರಂಪ ಯಾಕೆ? ನಿಮ್ಮ ಗಿಡ ಏನು ಸತ್ತುಹೋಗುತ್ತಾ?"

ಅವಳು ಆ ಕೈಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. ತನ್ನ ಅಂಗೈಯನ್ನು ಪಕ್ಕದಲ್ಲಿ ಹಿಡಿದಳು. ಅದೇ ಕೊಂಕು. ಮುಖದ ಬಿಗಿ ಸಡಿಲವಾಯಿತು.

"ಇದು ಯಾರ ಕೈ?" ಮೆಲ್ಲಗೆ ಕೇಳಿದಳು.

ನಲವತ್ತಾರು ವರ್ಷದ ಗಂಡಸು, ಕದ್ದು ಸಿಕ್ಕಿಬಿದ್ದವನಂತೆ ನಿಂತಿದ್ದೆ. ಅವಳು ಕಾದಳು. ತುಟಿಯಂಚಿನಲ್ಲಿ ನಗು ಇನ್ನೇನು ಮೂಡುವುದರಲ್ಲಿತ್ತು.

"ಗಣಪಂದು. ಇನ್ಯಾರ್ದು?" ಎಂದು ಕಿರುಚಿದೆ.

ಆ ಕೈಗೆ ನೋವಾದೀತೆಂಬಂತೆ ಅದನ್ನು ಮೆತ್ತಗೆ ಬಟ್ಟೆಯ ಮೇಲೆ ಇಟ್ಟಳು.

"ಸುಳ್ಳರಲ್ಲ ಅಂತ ಹನ್ನೆರಡು ಮನೆಗೆ ಹೇಳಿದ್ದೆ" ಎಂದಳು. ಹೊರಟುಹೋದಳು.

ಬಾಗಿಲು ತೆರೆದೇ ಇಟ್ಟೆ. ಒದ್ದೆ ಬಟ್ಟೆ ಮೇಜಿನ ಮೇಲೆಯೇ ಒಣಗಿತು. ಅವಳು ಮತ್ತೆ ಬರಲಿಲ್ಲ.